ಐವತ್ತನಾಲ್ಕು ಮಕ್ಕಳ ಸಾಲಿ: ಹಾವೇರಿ ಜಿಲ್ಲೆಯ ಒಂದು ದಾಖಲಾತಿ ಪ್ರಕರಣ

ಸವಣೂರು–ಶಿಗ್ಗಾಂವಿ ಕಡೆಯ ಒಂದು ಊರು. ಊರಿಗೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಲಂಬಾಣಿ ತಾಂಡಾ. ಎರಡಕ್ಕೂ ಸೇರಿ ಒಂದೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, 1ರಿಂದ 5ನೇ ತರಗತಿ. 2022-23ರಲ್ಲಿ 71 ಮಕ್ಕಳಿದ್ದರು, 2025-26ಕ್ಕೆ 54 ಆದರು. ಮೂರನೇ ಶಿಕ್ಷಕರ ಹುದ್ದೆ ಈಗ ಹೆಚ್ಚುವರಿ ಪಟ್ಟಿಗೆ (ಮಕ್ಕಳ ಸಂಖ್ಯೆಗೆ ಮೀರಿದ ಹುದ್ದೆಗಳ ಪಟ್ಟಿ) ಹೋಗುವ ಹಂತದಲ್ಲಿದೆ. ಗುಡಿಕಟ್ಟೆಯ ಮೇಲೆ ಕೂತವರು "ಸಾಲಿ ಮುಚ್ಚತಾರಂತ" ಎಂದು ಮಾತಾಡುತ್ತಿದ್ದಾರೆ.

ಈ ಊರನ್ನು ನಕಾಶೆಯಲ್ಲಿ ಹುಡುಕಬೇಕಾಗಿಲ್ಲ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಸಣ್ಣ ಶಾಲೆಗಳಲ್ಲಿ ಕಾಣುವ ಲಕ್ಷಣಗಳನ್ನು ಒಟ್ಟಿಗೆ ಸೇರಿಸಿ, ಲೆಕ್ಕ ಹಾಕುವ ಕ್ರಮ ತೋರಿಸಲು ಕಟ್ಟಿದ ಮಾದರಿ ಪ್ರಕರಣ ಇದು. ಶಾಲೆಯ ಮತ್ತು ಊರಿನ ಮಕ್ಕಳ ಸಂಖ್ಯೆಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು. ನಿಯಮ, ದಿನಾಂಕ, ಅನುದಾನದ ಮೊತ್ತ ಮಾತ್ರ ನಿಜವಾದವು. ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ತಮ್ಮ ಶಾಲೆಯ ಸಂಖ್ಯೆ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು.

ಒಟ್ಟು ಸಂಖ್ಯೆ ಬಿಟ್ಟು ಓರೆ ಸಾಲು ಓದಬೇಕು

ಶಾಲೆಯಲ್ಲಿ ಎಲ್ಲರೂ ನಂಬಿದ್ದ ಕಾರಣ ಒಂದೇ: "ಮಂದಿ ಮಕ್ಕಳನ್ನ ಬಿಡಿಸ್ಕೊಂಡು ಕಾನ್ವೆಂಟಿಗೆ ಹಾಕಾಕತ್ತಾರ." ಅದು ನಿಜವೇ ಎಂದು ನೋಡಲು ದಾಖಲಾತಿ ಪುಸ್ತಕ ಮತ್ತು ನಾಲ್ಕು ವರ್ಷದ ಹಾಜರಿ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಹೀಗೊಂದು ಪಟ್ಟಿ ಮಾಡಲಾಯಿತು.

| ವರ್ಷ | 1ನೇ | 2ನೇ | 3ನೇ | 4ನೇ | 5ನೇ | ಒಟ್ಟು |
|---|---|---|---|---|---|---|
| 2022-23 | 14 | 15 | 13 | 16 | 13 | 71 |
| 2023-24 | 12 | 13 | 15 | 12 | 15 | 67 |
| 2024-25 | 11 | 12 | 12 | 14 | 12 | 61 |
| 2025-26 | 6 | 10 | 12 | 12 | 14 | 54 |

ಈ ಪಟ್ಟಿಯನ್ನು ಅಡ್ಡ ಓದಬಾರದು, ಓರೆಯಾಗಿ ಓದಬೇಕು. 2022-23ರಲ್ಲಿ 1ನೇ ತರಗತಿಗೆ ಸೇರಿದ 14 ಮಕ್ಕಳು ಮರುವರ್ಷ 2ನೇ ತರಗತಿಯಲ್ಲಿ 13 ಆದರು, ಅದರ ಮರುವರ್ಷ 3ನೇ ತರಗತಿಯಲ್ಲಿ 12 ಆದರು, ಈಗ 4ನೇ ತರಗತಿಯಲ್ಲೂ 12 ಇದ್ದಾರೆ. ಮೂರು ವರ್ಷದಲ್ಲಿ ಇಬ್ಬರು ಹೋಗಿದ್ದಾರೆ, ಅಷ್ಟೇ. ಎಲ್ಲ ಓರೆಗಳನ್ನೂ ಹೀಗೇ ನೋಡಿ ಕೂಡಿಸಿದರೆ ನಡುವೆ ಬಿಟ್ಟುಹೋದ ಮಕ್ಕಳು ಒಟ್ಟು 6. ಇದೇ ಮೂರು ವರ್ಷದಲ್ಲಿ 5ನೇ ಮುಗಿಸಿ ಹೊರಟವರು 13, 15, 12, ಅಂದರೆ 40. ಹೊಸದಾಗಿ 1ನೇ ತರಗತಿಗೆ ಬಂದವರು 12, 11, 6, ಅಂದರೆ 29. 29ರಲ್ಲಿ 40 ಕಳೆದು, ಮತ್ತೆ 6 ಕಳೆದರೆ ಮೈನಸ್ 17. ಎಪ್ಪತ್ತೊಂದು ಐವತ್ತನಾಲ್ಕಾದ ಬಗೆ ಇದು.

ಹದಿನೇಳರಲ್ಲಿ ಹನ್ನೊಂದು ಬಾಗಿಲಲ್ಲೇ ಕಡಿಮೆಯಾದದ್ದು. ಶಾಲೆಗೆ ಬಂದ ಮಗು ಇಲ್ಲಿ ಉಳಿಯುತ್ತಿದೆ, ಬರಬೇಕಾದ ಮಗು ಬರುತ್ತಿಲ್ಲ. ನಡುವೆ ಹೋದ ಆರು ಮಕ್ಕಳ ಬೆನ್ನು ಹತ್ತಿದಾಗ ತಿಳಿದದ್ದು: ಎರಡು ಕುಟುಂಬ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗಿವೆ (ಒಂದೊಂದು ಮಗು), ಇಬ್ಬರು ವಸತಿನಿಲಯ ಸಿಕ್ಕ ಕಡೆ ಸೇರಿದ್ದಾರೆ, ಒಂದು ಮಗು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ಖಾಸಗಿ ಶಾಲೆಗೆ ಹೋದದ್ದು ಒಂದೇ ಒಂದು. ಶಿಕ್ಷಕರು ಮೂರು ವರ್ಷ ತಮ್ಮ ಪಾಠ ಸರಿಯಿಲ್ಲವೇನೋ ಎಂದು ಕೊರಗಿದ್ದಕ್ಕೆ ಈ ಪಟ್ಟಿಯಲ್ಲಿ ಆಧಾರವಿಲ್ಲ.

ಸಣ್ಣ ಶಾಲೆಯಲ್ಲಿ ಶೇಕಡಾವಾರು ಲೆಕ್ಕ ದಾರಿ ತಪ್ಪಿಸುತ್ತದೆ. ಆರು ಮಕ್ಕಳ ತರಗತಿಯಿಂದ ಒಂದು ಮಗು ಹೋದರೆ "ಶೇ 17 ಕುಸಿತ" ಎಂದು ವರದಿಯಲ್ಲಿ ಬೀಳುತ್ತದೆ. ನೂರು ಮಕ್ಕಳಿಗಿಂತ ಕಡಿಮೆ ಇರುವಲ್ಲಿ ಹೆಸರು ಹಿಡಿದು ಎಣಿಸುವುದೇ ಸರಿ, ಒಂದು ಸಂಜೆಯ ಕೆಲಸ.

ಬಾರದ ಮಕ್ಕಳು ಎಲ್ಲಿದ್ದಾರೆ

ಮುಂದಿನ ಕೆಲಸ ಊರಿನಲ್ಲಿ ಆ ವಯಸ್ಸಿನ ಮಕ್ಕಳು ಎಷ್ಟಿದ್ದಾರೆ ಎಂದು ತಿಳಿಯುವುದು. ಹೆಚ್ಚಿನವರು ಮೊದಲು ಹೋಗುವುದು ಜನನ ನೋಂದಣಿಗೆ. ಅಲ್ಲಿ ಲೆಕ್ಕ ಕೂಡುವುದಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲಿ, ಮಗು ಹುಟ್ಟುವುದು ಇನ್ನೊಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ, ನೋಂದಣಿಯೂ ಅಲ್ಲೇ. ಈ ಊರಿನ ಮಗು ರಾಣೆಬೆನ್ನೂರಿನ ಪುಸ್ತಕದಲ್ಲಿರುತ್ತದೆ, ಗಂಡನ ಮನೆ ಹಾನಗಲ್ಲಿನಲ್ಲಿರುವ ಮಗಳ ಕೂಸು ಈ ಊರಿನ ಲೆಕ್ಕದಲ್ಲಿರುತ್ತದೆ. ಇದಕ್ಕಿಂತ ಅಂಗನವಾಡಿ ಕಾರ್ಯಕರ್ತೆಯ ಸಮೀಕ್ಷೆ ಪುಸ್ತಕ ಎಷ್ಟೋ ಉತ್ತಮ. ಅದರಲ್ಲಿ ಈಗ ಮನೆಯಲ್ಲಿರುವ ಮಗು ಇರುತ್ತದೆ, ಅಂಗನವಾಡಿಗೆ ಬಾರದ ಮಗುವೂ ಇರುತ್ತದೆ. ಆಶಾ ಕಾರ್ಯಕರ್ತೆಯ ಚುಚ್ಚುಮದ್ದಿನ ಪಟ್ಟಿಯೊಂದಿಗೆ ತಾಳೆ ನೋಡಿದರೆ ತಪ್ಪಿಹೋದ ಒಂದೆರಡು ಹೆಸರೂ ಸಿಗುತ್ತವೆ. ಊರಿನ ಅಂಗನವಾಡಿ, ತಾಂಡಾದ ಅಂಗನವಾಡಿ ಎರಡರ ಪುಸ್ತಕವೂ ಬೇಕು. ತಾಂಡಾದ್ದನ್ನು ಮರೆಯುವುದು ಮಾಮೂಲಿ ತಪ್ಪು.

ಹಾಗೆ ಮಾಡಿದಾಗ 2025-26ರಲ್ಲಿ 1ನೇ ತರಗತಿಗೆ ಸೇರುವ ವಯಸ್ಸಿನ ಮಕ್ಕಳು 17 ಎಂದು ಸಿಕ್ಕಿತು. ಆರು ಮಕ್ಕಳು ಈ ಶಾಲೆಗೆ ಬಂದಿದ್ದಾರೆ. ಏಳು ಮಕ್ಕಳು ಹೋಬಳಿ ಊರಿನ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಟಂಟಂನಲ್ಲಿ (ದೊಡ್ಡ ಆಟೊ) ಹೋಗುತ್ತಾರೆ. ಇಬ್ಬರು ಪಕ್ಕದೂರಿನ ಸರ್ಕಾರಿ ಉರ್ದು ಶಾಲೆಯಲ್ಲಿದ್ದಾರೆ. ಇಬ್ಬರು ಅಪ್ಪ–ಅವ್ವನ ಜತೆ ಗೋವಾದಲ್ಲಿದ್ದಾರೆ. 2022-23ಕ್ಕೆ ಇದೇ ಲೆಕ್ಕ ಹಿಂದಕ್ಕೆ ಹಾಕಿದರೆ ಆಗ ಅರ್ಹ ಮಕ್ಕಳು 20, ಈ ಶಾಲೆಗೆ ಬಂದವರು 14.

ಹದಿನಾಲ್ಕು ಆರಾಯಿತು, ಎಂಟು ಕಡಿಮೆ. ಅದರಲ್ಲಿ ಊರಿನಲ್ಲಿ ಮಕ್ಕಳೇ ಕಡಿಮೆಯಾದದ್ದರಿಂದ ಎಷ್ಟು, ಮನೆಯವರು ಬೇರೆ ಶಾಲೆ ಆರಿಸಿದ್ದರಿಂದ ಎಷ್ಟು? ಹಿಂದೆ ಇಪ್ಪತ್ತಕ್ಕೆ ಹದಿನಾಲ್ಕು ಬರುತ್ತಿದ್ದರು, ಅಂದರೆ ಹತ್ತಕ್ಕೆ ಏಳು. ಅದೇ ಪ್ರಮಾಣ ಉಳಿದಿದ್ದರೆ ಈಗ ಹದಿನೇಳಕ್ಕೆ ಸುಮಾರು ಹನ್ನೆರಡು ಬರಬೇಕಿತ್ತು. ಹಾಗಾಗಿ ಎರಡು ಮಕ್ಕಳ ಕೊರತೆ ಹುಟ್ಟು ಕಡಿಮೆಯಾದದ್ದರಿಂದ, ಆರು ಮಕ್ಕಳ ಕೊರತೆ ಆಯ್ಕೆಯಿಂದ ಮತ್ತು ಗುಳೆಯಿಂದ. ಮೊದಲನೆಯದಕ್ಕೆ ಯಾವ ಶಾಲೆಯೂ ಏನೂ ಮಾಡಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಫಲವತ್ತತೆ ದರ ಹೆಣ್ಣೊಬ್ಬಳಿಗೆ 1.7 ಮಕ್ಕಳು ಎಂದು ದಾಖಲಾಗಿದೆ. ಮನೆಗೆ ಒಂದೋ ಎರಡೋ ಮಕ್ಕಳಾದ ಮೇಲೆ ಊರಿನ 1ನೇ ತರಗತಿ ಹಿಂದಿನಷ್ಟು ದೊಡ್ಡದಾಗುವುದಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ನೇರವಾಗಿ ಹೇಳಬೇಕು. 71ಕ್ಕೆ ಮರಳಬೇಕೆಂಬ ಗುರಿ ಇಟ್ಟರೆ ಪ್ರತಿ ವರ್ಷ ಸೋತಂತೆಯೇ ಕಾಣುತ್ತದೆ.

ಟಂಟಂ ಹತ್ತುವ ಏಳು ಮಕ್ಕಳಲ್ಲಿ ಆರು ಗಂಡು. ಈ ಶಾಲೆಯ 1ನೇ ತರಗತಿಯ ಆರರಲ್ಲಿ ಐದು ಹೆಣ್ಣು. ಒಂದೇ ವರ್ಷದ ಆರು ಮಕ್ಕಳನ್ನು ನೋಡಿ ತೀರ್ಮಾನಕ್ಕೆ ಬರಬಾರದು, ಹಾಗಾಗಿ ಐದೂ ತರಗತಿ ನೋಡಲಾಯಿತು. 5ನೇ ತರಗತಿಯಲ್ಲಿ ಹೆಣ್ಣು 7, ಗಂಡು 7. 4ರಲ್ಲಿ 6 ಮತ್ತು 6. 3ರಲ್ಲಿ 7 ಮತ್ತು 5. 2ರಲ್ಲಿ 7 ಮತ್ತು 3. 1ರಲ್ಲಿ 5 ಮತ್ತು 1. ಊರಿನ ಹದಿನೇಳು ಮಕ್ಕಳಲ್ಲಿ ಗಂಡು ಒಂಬತ್ತು, ಹೆಣ್ಣು ಎಂಟು, ಹುಟ್ಟಿನಲ್ಲಿ ವ್ಯತ್ಯಾಸವಿಲ್ಲ. ಮೂರು ವರ್ಷದಿಂದ ಈಚೆಗೆ ಮನೆಗಳಲ್ಲಿ ಫೀ ಕಟ್ಟುವ ದುಡ್ಡು ಮಗನಿಗೆ, ಸರ್ಕಾರಿ ಸಾಲಿ ಮಗಳಿಗೆ ಎಂಬ ಹಂಚಿಕೆ ನಡೆಯುತ್ತಿದೆ. ಅಣ್ಣ ಟಂಟಂನಲ್ಲಿ, ತಂಗಿ ನಡೆದುಕೊಂಡು. ಒಂದೇ ಮನೆಯಿಂದ ಬೆಳಿಗ್ಗೆ ಎರಡು ಬಗೆಯ ಸಮವಸ್ತ್ರ ಹೊರಬೀಳುತ್ತದೆ. "ಹೆಣ್ಣುಹುಡುಗಿ ಎಲ್ಲಿ ಕಲತರೇನ್ರಿ, ಮುಂದ ಕೊಟ್ಟ ಮನಿಗೆ ಹೋಗಾಕಿ" ಎಂಬ ಮಾತು ಇನ್ನೂ ಕೇಳಿಸುವ ಊರುಗಳಿವೆ. ಒಟ್ಟು ಸಂಖ್ಯೆ ನೋಡುವವರಿಗೆ ಇದು ಕಾಣುವುದೇ ಇಲ್ಲ. 54ರಲ್ಲಿ 32 ಹೆಣ್ಣು ಎಂದರೆ "ಹೆಣ್ಣುಮಕ್ಕಳ ಶಿಕ್ಷಣ ಚೆನ್ನಾಗಿದೆ" ಎಂದು ಬರೆದುಬಿಡುವವರೂ ಇದ್ದಾರೆ.

ಶಿಕ್ಷಣ ಹಕ್ಕು ಕಾಯ್ದೆಯಡಿ ಉಚಿತವಾಗಿ ಸಿಗುವ ಖಾಸಗಿ ಶಾಲೆಯ ಶೇ 25 ಆರ್‌ಟಿಇ ಸೀಟುಗಳೇ ಇದಕ್ಕೆ ಕಾರಣ ಎಂಬ ವಾದ ಹಳೆಯದು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿದ ಮೇಲೆ ಅದು ಇಲ್ಲಿ ಅನ್ವಯಿಸುವುದಿಲ್ಲ. ಈ ಏಳೂ ಮನೆಯವರು ಕೈಯಿಂದ ಫೀ ಕಟ್ಟುತ್ತಿದ್ದಾರೆ.

ಸೆಪ್ಟೆಂಬರ್ 30ರ ಶಾಲೆ, ಜನವರಿಯ ಶಾಲೆ

ಶಾಲೆಗಳ ವಾರ್ಷಿಕ ಗಣತಿಯಾದ ಯು–ಡೈಸ್ ಪ್ಲಸ್‌ಗೆ ಮಕ್ಕಳ ಸಂಖ್ಯೆಯ ಆಧಾರ ದಿನಾಂಕ ಸೆಪ್ಟೆಂಬರ್ 30. ಆ ಹೊತ್ತಿಗೆ ತಾಂಡಾದವರು ಊರಲ್ಲಿರುತ್ತಾರೆ. ದೀಪಾವಳಿ ಮುಗಿಸಿ ಗುಳೆ ಹೋಗುತ್ತಾರೆ, ಕೆಲವರು ಕಬ್ಬು ಕಡಿಯಲು, ಕೆಲವರು ಗೋವಾ, ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ. ಹೋಳಿಗೆ ಕೆಲವರು ತಿರುಗಿ ಬರುತ್ತಾರೆ, ಉಳಿದವರು ಯುಗಾದಿಗೆ. ಅಂದರೆ ಗಣತಿಗೆ ಸಿಗುವುದು ಗುಳೆಗೆ ಮುಂಚಿನ ಶಾಲೆ.

ಹಾಜರಿ ಪುಸ್ತಕದ ಒಂದು ಸಾಲು ನೋಡಿ. 3ನೇ ತರಗತಿ, ಕ್ರಮಸಂಖ್ಯೆ 7, ತಾಂಡಾದ ಹುಡುಗಿ. ಜೂನ್‌ನಿಂದ ದೀಪಾವಳಿವರೆಗೆ ಎರಡೋ ಮೂರೋ "ಗೈ" ಬಿಟ್ಟರೆ ಸಾಲು ತುಂಬಿದೆ. ನವೆಂಬರ್ ಮಧ್ಯದಿಂದ ಗೆರೆ ಎಳೆದಂತೆ ಗೈರು. ಮಾರ್ಚ್ ಕೊನೆಗೆ ಮತ್ತೆ ಹಾಜರಿ ಬೀಳುತ್ತದೆ, ಮೌಲ್ಯಾಂಕನಕ್ಕೆ ಕೂರುತ್ತಾಳೆ. 2ನೇ ತರಗತಿಯ ಪುಸ್ತಕ ತೆಗೆದರೆ ಅದೇ ಹುಡುಗಿಯ ಅದೇ ಆಕಾರದ ಸಾಲು. ಮಧ್ಯದ ಆ ಖಾಲಿಯಲ್ಲಿ ಕಳೆಯುವ ಲೆಕ್ಕವೂ ಗುಣಾಕಾರದ ಮೊದಲ ಪಾಠಗಳೂ ಹೋಗಿವೆ. ಅವಳು ಶಾಲೆ ಬಿಟ್ಟವಳ ಲೆಕ್ಕಕ್ಕೂ ಬರುವುದಿಲ್ಲ, ಕಲಿತವಳ ಲೆಕ್ಕಕ್ಕೂ ಬರುವುದಿಲ್ಲ.

ಪುಸ್ತಕದ 54ರಲ್ಲಿ ಜನವರಿಯಲ್ಲಿ ದಿನಾ ಕೂರುತ್ತಿದ್ದವರು 41. ಎಂಟು ಮಕ್ಕಳು ಗುಳೆ ಹೋಗಿದ್ದಾರೆ, ಎಲ್ಲರೂ ತಾಂಡಾದವರು. ತಾಂಡಾದಿಂದ ಬರುವವರು ಒಟ್ಟು 19. ಇಬ್ಬರು ವಾರಕ್ಕೆ ಎರಡು–ಮೂರು ದಿನ ಬರುವವರು. ಬ್ಯಾಡಗಿ ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಅವ್ವ ಕೂಲಿಗೆ ಹೋದರೆ ತಮ್ಮನನ್ನು ನೋಡಿಕೊಳ್ಳುವವರು ಬೇಕು. ಉಳಿದ ಮೂವರು 5ನೇ ತರಗತಿಯ ಜಾಣ ಮಕ್ಕಳು. ಹೆಸರು ಇಲ್ಲಿ, ಮಗು ನವೋದಯ–ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ಕೋಚಿಂಗ್ ಕೇಂದ್ರದಲ್ಲಿ. ಹೆಸರು ಏಕೆ ಇಲ್ಲೇ ಉಳಿಸುತ್ತಾರೆಂದರೆ, ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ, ಅದಕ್ಕೆ 3, 4, 5ನೇ ತರಗತಿಯನ್ನು ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಪಾಲಕರ ಆಸೆ ಅರ್ಥವಾಗುವಂಥದ್ದೇ. ಆದರೆ ಬಾರದ ಮಗುವಿಗೆ ಹಾಜರಿ ಹಾಕಿದರೆ ಅದು ಸುಳ್ಳು ದಾಖಲೆ, ಪರಿಶೀಲನೆ ಬಂದ ದಿನ ಉತ್ತರ ಹೇಳಬೇಕಾದವರು ತರಗತಿ ಶಿಕ್ಷಕರು. ಗೈರು ಇದ್ದರೆ ಗೈರು ಎಂದೇ ಬರೆಯಿರಿ, ಪಾಲಕರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ನಿಜವಾದ ಹಾಜರಿ ತಿಳಿಯಲು ಅಕ್ಷರ ದಾಸೋಹದ ಪುಸ್ತಕದಷ್ಟು ನಂಬಿಕೆಯ ಸಾಕ್ಷಿ ಬೇರೆಯಿಲ್ಲ. 1ರಿಂದ 5ನೇ ತರಗತಿಗೆ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ. 54 ಮಕ್ಕಳಿಗಾದರೆ 5.4 ಕೆಜಿ, 41 ಮಕ್ಕಳಿಗಾದರೆ 4.1 ಕೆಜಿ. ಅಡುಗೆಯವರು ಅಳೆದು ಹಾಕುವ ಅಕ್ಕಿ ಮತ್ತು ಹಾಜರಿ ಪುಸ್ತಕ ತಿಂಗಳಿಗೊಮ್ಮೆ ತಾಳೆಯಾಗಬೇಕು. ಮೊಟ್ಟೆಯ ಲೆಕ್ಕದಿಂದಲೂ ಇದು ಗೊತ್ತಾಗುತ್ತದೆ, ಬಾಳೆಹಣ್ಣು ತೆಗೆದುಕೊಳ್ಳುವ ಮಕ್ಕಳನ್ನು ಬೇರೆ ಎಣಿಸಿಕೊಂಡರೆ ಸಾಕು.

ಜಾತಿ, ಧರ್ಮದ ಕಾಲಂಗಳಲ್ಲಿ ಆಗುವ ತಪ್ಪು

ಈ ಶಾಲೆಯ 54 ಮಕ್ಕಳಲ್ಲಿ ಪರಿಶಿಷ್ಟ ಜಾತಿ 25 (ಲಂಬಾಣಿ 19), ಪರಿಶಿಷ್ಟ ಪಂಗಡ 8, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ–1 ನಾಲ್ಕು, 2ಎ ಒಂಬತ್ತು, 2ಬಿ ಐದು, 3ಬಿ ಮೂರು. ಹತ್ತು ವರ್ಷದ ಹಿಂದಿನ ದಾಖಲಾತಿ ಪುಸ್ತಕದೊಂದಿಗೆ ಹೋಲಿಸಿದರೆ ಊರಿನ ಹೊಲ ಇರುವ ಮನೆಗಳ ಮಕ್ಕಳು ಬಹುತೇಕ ಇಲ್ಲವಾಗಿದ್ದಾರೆ. ಶಾಲೆಯ ಒಟ್ಟು ಸಂಖ್ಯೆ ಇಳಿಯುವುದಕ್ಕಿಂತ ಇದು ದೊಡ್ಡ ಬದಲಾವಣೆ. ಪಂಚಾಯತಿಯಲ್ಲಿ ದನಿ ಎತ್ತಬಲ್ಲ ಮನೆಯವರ ಮಕ್ಕಳು ಇಲ್ಲಿ ಓದದಿದ್ದರೆ ಸೋರುವ ಕೋಣೆಯ ಬಗ್ಗೆ ಕೇಳುವವರೂ ಕಡಿಮೆಯಾಗುತ್ತಾರೆ.

ದಾಖಲೆಯಲ್ಲಿ ಎರಡು ತಪ್ಪು ಸಿಕ್ಕವು, ಎರಡೂ ಬೇರೆ ಶಾಲೆಗಳಲ್ಲೂ ಆಗುವಂಥವು. ಅಲ್ಪಸಂಖ್ಯಾತ ಮಕ್ಕಳು 5 ಎಂದು ಬರೆದಿದ್ದರು, ಮುಸ್ಲಿಮರ 2ಬಿ ಕಾಲಂ ಮಾತ್ರ ನೋಡಿ. ಆದರೆ ಪ್ರವರ್ಗ–1ರ ನಾಲ್ಕರಲ್ಲಿ ಇಬ್ಬರು ನದಾಫ್ ಮನೆಯವರು, ಅವರೂ ಮುಸ್ಲಿಮರೇ. ಜಾತಿ ಪ್ರವರ್ಗ ಬೇರೆ, ಧರ್ಮ ಬೇರೆ ಎಂದು ಎರಡು ಸಲ ಎಣಿಸಿದ್ದರೆ 7 ಬರುತ್ತಿತ್ತು. ಇನ್ನೊಂದು, ಮಹಾರಾಷ್ಟ್ರದಿಂದ ತಿರುಗಿ ಬಂದ ತಾಂಡಾದ ಮಗುವಿನದು. ಅಲ್ಲಿಯ ವರ್ಗಾವಣೆ ಪತ್ರದಲ್ಲಿ ಬಂಜಾರ ಸಮುದಾಯ ವಿಮುಕ್ತ ಜಾತಿ ಎಂದಿರುತ್ತದೆ, ತೆಲಂಗಾಣದಿಂದ ಬಂದರೆ ಪರಿಶಿಷ್ಟ ಪಂಗಡ ಎಂದಿರುತ್ತದೆ, ಕರ್ನಾಟಕದಲ್ಲಿ ಲಂಬಾಣಿ ಪರಿಶಿಷ್ಟ ಜಾತಿ. ಪತ್ರದಲ್ಲಿದ್ದುದನ್ನು ಹಾಗೇ ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ಗೆ ಏರಿಸಿದರೆ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗದು. ನಾಡಕಚೇರಿಯ ಜಾತಿ ಪ್ರಮಾಣಪತ್ರ ಮಾಡಿಸಿ, ಅದರ ಆರ್‌ಡಿ ಸಂಖ್ಯೆ ನೋಡಿಯೇ ತುಂಬಬೇಕು.

ಹೆಸರಿನ ಕಾಗುಣಿತದ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಅಪಾರ್ ಸಂಖ್ಯೆ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತಿನ ಸಂಖ್ಯೆ) ತಯಾರಾಗದೆ ನಿಲ್ಲುತ್ತದೆ. 1ನೇ ತರಗತಿಗೆ ಸೇರಿಸುವ ದಿನವೇ ಎರಡನ್ನೂ ಪಕ್ಕಕ್ಕಿಟ್ಟು ಓದಿ. ಆದರೆ ಪತ್ರವಿಲ್ಲ ಎಂದು ಮಗುವನ್ನು ವಾಪಸ್ ಕಳಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, 5ನೇ ಕಲಂ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದೂ ನಿರಾಕರಿಸುವಂತಿಲ್ಲ. ಗುಳೆ ಮಕ್ಕಳಿಗೆ ಈ ಎರಡು ಕಲಂಗಳೇ ಆಸರೆ.

ಮುಂದಿನ ಐದು ವರ್ಷ, ಮತ್ತು ಐದು ತಿಂಗಳ 1ನೇ ತರಗತಿ

ಇಲ್ಲಿ ಒಂದು ವಿಷಯವನ್ನು ಎಲ್ಲ ಸಣ್ಣ ಶಾಲೆಗಳವರೂ ಗಮನಿಸಬೇಕು. ಕರ್ನಾಟಕದಲ್ಲಿ 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ಆದೇಶ 2022ರದು, ಜಾರಿಯಾಗಬೇಕಿದ್ದದ್ದು 2025-26ರಿಂದ. ಅಲ್ಲಿಯವರೆಗೆ ಕನಿಷ್ಠ ವಯಸ್ಸು 5 ವರ್ಷ 5 ತಿಂಗಳಾಗಿತ್ತು. 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಎಂದು ಹೇಳಿ ಮತ್ತೆ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಅಂದರೆ 2025-26ರಲ್ಲಿ 2020ರ ಜನವರಿ 1ರವರೆಗೆ ಹುಟ್ಟಿದವರೆಲ್ಲ ಸೇರಬಹುದಿತ್ತು. ಆಗ ಪ್ರಕಟಿಸಿದಂತೆ 2026-27ಕ್ಕೆ 6 ವರ್ಷದ ನಿಯಮ ಹಾಗೇ ನಡೆದರೆ, ಹೊಸದಾಗಿ ಅರ್ಹರಾಗುವವರು 2020ರ ಜನವರಿ 2ರಿಂದ ಜೂನ್ 1ರವರೆಗೆ ಹುಟ್ಟಿದವರು ಮಾತ್ರ. ಹನ್ನೆರಡು ತಿಂಗಳ ಮಕ್ಕಳ ಜಾಗದಲ್ಲಿ ಐದು ತಿಂಗಳ ಮಕ್ಕಳು. 2027-28ಕ್ಕೆ ಮತ್ತೆ ಪೂರ್ತಿ ಹನ್ನೆರಡು ತಿಂಗಳವರು ಬರುತ್ತಾರೆ.

ಈ ತಗ್ಗು ಶಿಕ್ಷಕರ ತಪ್ಪಿನಿಂದಲೂ ಅಲ್ಲ, ಪಾಲಕರ ಆಯ್ಕೆಯಿಂದಲೂ ಅಲ್ಲ, ಕ್ಯಾಲೆಂಡರಿನಿಂದ ಆಗುವುದು. ಹಿಂದಿನ ವರ್ಷ ಐದೂವರೆ ವರ್ಷದ ಮಗುವನ್ನು ಅಂಗನವಾಡಿಯಲ್ಲೇ ಉಳಿಸಿಕೊಂಡ ಊರುಗಳಲ್ಲಿ ತಗ್ಗು ಸ್ವಲ್ಪ ಕಡಿಮೆ ಇರುತ್ತದೆ. ನಮ್ಮ ಪ್ರಕರಣದ ಊರಿನಲ್ಲಿ ಅಂಥ ಮಕ್ಕಳಿಲ್ಲ. ಐದು ತಿಂಗಳ ಅವಧಿಯಲ್ಲಿ ಹುಟ್ಟಿದವರು 7, ಅವರಲ್ಲಿ 4 ಮಕ್ಕಳು ಆಗಲೇ ಟಂಟಂ ಹತ್ತಿ ಯುಕೆಜಿಗೆ ಹೋಗುತ್ತಿದ್ದಾರೆ. ಉಳಿದದ್ದು 3.

ಅಲ್ಲಿಂದ ಮುಂದೆ ವರ್ಷಕ್ಕೆ 6 ಮಕ್ಕಳೇ ಸೇರುತ್ತಾರೆ, ನಡುವೆ ಯಾರೂ ಬಿಡುವುದಿಲ್ಲ ಎಂದಿಟ್ಟುಕೊಂಡರೆ ಒಟ್ಟು ಸಂಖ್ಯೆ 2026-27ರಲ್ಲಿ 43, ಮುಂದೆ 37, 31, 2029-30ರಲ್ಲಿ 27, ಅದರ ಮುಂದಿನ ವರ್ಷವೂ 27. ಈಗ 5ನೇ ತರಗತಿಯಲ್ಲಿರುವ 14 ಮತ್ತು ಅದರ ಹಿಂದಿನ 12, 12 ಎಂಬ ದೊಡ್ಡ ತಂಡಗಳು ಹೊರಟುಹೋಗುವುದೇ ಇಳಿತಕ್ಕೆ ಕಾರಣ, ಹೊಸದಾಗಿ ಏನೂ ಕೆಡಬೇಕಿಲ್ಲ.

ಯಾವ ಗೆರೆ ದಾಟಿದರೆ ಏನಾಗುತ್ತದೆ ಎಂಬುದು ಇದಕ್ಕೆ ಕೂಡಿಕೊಳ್ಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1–5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3. ಈ ಶಾಲೆ 61ರಲ್ಲಿದ್ದಾಗ ಒಂದು ಮಗುವಿನ ಅಂತರದಲ್ಲಿ ಮೂರನೇ ಹುದ್ದೆ ನಿಂತಿತ್ತು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, ಅದರ ಮೇಲೆ 100ರವರೆಗೆ 25,000. 31ರಿಂದ 27ಕ್ಕೆ ಇಳಿದ ವರ್ಷ 15,000 ಕೈಬಿಡುತ್ತದೆ. ಕರೆಂಟ್ ಬಿಲ್ಲು, ಸುಣ್ಣ, ಚಾಕ್‌ಪೀಸ್ ಎಲ್ಲ ಅದರಲ್ಲೇ. ಅಡುಗೆಯವರು 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು. 27 ಎಂದರೆ ಎರಡನೇ ಅಡುಗೆಯವರ ಕೆಲಸ ಎರಡು ಮಕ್ಕಳ ಮೇಲೆ ನಿಂತಿದೆ, ಅದೂ ಸಾಮಾನ್ಯವಾಗಿ ಊರಿನ ಬಡ ಹೆಣ್ಣುಮಗಳೊಬ್ಬಳ ಕೆಲಸ.

ಅದೇ 2027-28ರಿಂದ ವರ್ಷಕ್ಕೆ 10 ಮಕ್ಕಳು ಬಂದರೆ? 41, 39, 39, ಆಮೇಲೆ 43. ಮೂವತ್ತರ ಗೆರೆ ದಾಟುವ ಪ್ರಶ್ನೆಯೇ ಇಲ್ಲ. ವರ್ಷಕ್ಕೆ ನಾಲ್ಕು ಮಕ್ಕಳು ಹೆಚ್ಚು ಬೇಕು. ಇದು ಕೈಗೆಟಕುವ ಗುರಿ.

ನಾಲ್ಕು ಮಕ್ಕಳು ಎಲ್ಲಿಂದ

ದಾಖಲಾತಿ ಆಂದೋಲನ ನಡೆಯುವುದು ಮೇ ಕೊನೆ, ಜೂನ್‌ನಲ್ಲಿ. ಡೊಳ್ಳು, ಜಾಥಾ, ಹೂ ಕೊಟ್ಟು ಬರಮಾಡಿಕೊಳ್ಳುವುದು ಎಲ್ಲ ಚೆಂದ. ಆದರೆ ಟಂಟಂ ಹತ್ತುವ ಮಗುವಿನ ತೀರ್ಮಾನ ಅದಕ್ಕೂ ಎರಡು ವರ್ಷ ಮೊದಲೇ, ನಾಲ್ಕನೇ ವಯಸ್ಸಿಗೆ ಎಲ್‌ಕೆಜಿ ಸೇರಿಸುವಾಗಲೇ ಆಗಿಹೋಗಿರುತ್ತದೆ. ಎಲ್‌ಕೆಜಿ, ಯುಕೆಜಿ ಮುಗಿಸಿದ ಮಗುವನ್ನು ಯಾರೂ ತಂದು ಇಲ್ಲಿ 1ನೇ ತರಗತಿಗೆ ಹಾಕುವುದಿಲ್ಲ. ಹಾಗಾಗಿ ಶಿಕ್ಷಕರು ಮಾತಾಡಬೇಕಾದದ್ದು ಮೂರು–ನಾಲ್ಕು ವರ್ಷದ ಮಕ್ಕಳ ಮನೆಯವರೊಂದಿಗೆ, ಜನವರಿ–ಫೆಬ್ರುವರಿಯಲ್ಲಿ, ಖಾಸಗಿ ಶಾಲೆಯವರು ಓಣಿಗೆ ಬರುವ ಮೊದಲು.

ಏನು ಮಾತಾಡಬೇಕು? "ಸರ್ಕಾರಿ ಶಾಲೆ ಉಳಿಸಿ" ಎಂದರೆ ಯಾವ ತಾಯಿಯೂ ಮಗು ಕಳಿಸುವುದಿಲ್ಲ, ಕಳಿಸಬೇಕಾಗಿಯೂ ಇಲ್ಲ. ಮಗು ಏನು ಕಲಿಯುತ್ತದೆ ಎಂದು ತೋರಿಸಬೇಕು. 2ನೇ ತರಗತಿಯ ನಾಲ್ಕು ಮಕ್ಕಳನ್ನು ಅಂಗನವಾಡಿಯ ತಾಯಂದಿರ ಸಭೆಗೆ ಕರೆದೊಯ್ದು, ಅಲ್ಲೇ ಸಿಕ್ಕ ಕನ್ನಡ ಪತ್ರಿಕೆ ಓದಿಸಿ, ಇಂಗ್ಲಿಷ್ ಕಾರ್ಡು ಓದಿಸಿದರೆ ಅದು ನೂರು ಕರಪತ್ರಕ್ಕೆ ಸಮ. ಓದಲು ಬಾರದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು; ಪಾಲಕರು ಕೇಳುವುದರಲ್ಲಿ ತಪ್ಪಿಲ್ಲ.

ಮನೆಯವರನ್ನು ಕೇಳಿದರೆ ಇಂಗ್ಲಿಷ್ ಮೊದಲು ಬರುತ್ತದೆ, ಎರಡನೆಯದಾಗಿ ಬರುವುದು ಟಂಟಂ. ಬಾಗಿಲಿಗೇ ಬರುತ್ತದೆ, ಸಂಜೆ ಕೂಲಿ ಮುಗಿಸಿ ಬರುವ ಹೊತ್ತಿಗೆ ತಂದುಬಿಡುತ್ತದೆ. ತಾಂಡಾದ ಮಗು ಒಂದೂವರೆ ಕಿಲೋಮೀಟರ್ ನಡೆದು, ರಸ್ತೆ ದಾಟಿ ಬರಬೇಕು. ಕಿರಿಯ ಪ್ರಾಥಮಿಕಕ್ಕೆ ಶಾಲೆ 1 ಕಿಲೋಮೀಟರ್ ಒಳಗಿರಬೇಕೆಂಬುದು ನಿಯಮ. ಅದಕ್ಕಿಂತ ದೂರದ ಮಕ್ಕಳಿಗೆ ಸಮಗ್ರ ಶಿಕ್ಷಣದಲ್ಲಿ ಸಾರಿಗೆ ಅಥವಾ ಬೆಂಗಾವಲು ಭತ್ಯೆಗೆ ವರ್ಷಕ್ಕೆ ಮಗುವಿಗೆ 6,000 ರೂಪಾಯಿವರೆಗೆ ಅವಕಾಶವಿದೆ. ಅದಕ್ಕೆ ಮಕ್ಕಳ ಹೆಸರು, ಮನೆಯಿಂದ ಶಾಲೆಗೆ ಅಳೆದ ದೂರ ಇರುವ ಪಟ್ಟಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ವಾರ್ಷಿಕ ಯೋಜನೆ ತಯಾರಾಗುವ ಮೊದಲೇ ತಲುಪಬೇಕು. ಜೂನ್‌ನಲ್ಲಿ ಕೇಳಿದರೆ ಆ ವರ್ಷದ ಯೋಜನೆ ಮುಗಿದಿರುತ್ತದೆ. ಈ ಶಾಲೆಯವರು ಇದುವರೆಗೆ ಪಟ್ಟಿಯನ್ನೇ ಕೊಟ್ಟಿರಲಿಲ್ಲ. ಭತ್ಯೆ ಬಂದರೆ ತಾಂಡಾದ ಒಬ್ಬ ತಾಯಿ ಮಕ್ಕಳನ್ನು ಕರೆತಂದು ಬಿಟ್ಟುಹೋಗುವ ಏರ್ಪಾಡು ಸಾಧ್ಯ.

ಎಸ್‌ಡಿಎಂಸಿಯೇ ದಾನಿಗಳಿಂದ ದುಡ್ಡೆತ್ತಿ ಎಲ್‌ಕೆಜಿ ಶುರುಮಾಡೋಣ ಎಂಬ ಸಲಹೆಯೂ ಬಂದಿತ್ತು. ಆಸೆ ಒಳ್ಳೆಯದು, ಎಚ್ಚರವೂ ಬೇಕು. ಮೊದಲ ವರ್ಷ ದಾನ ಸುಲಭ, ಎರಡನೇ ವರ್ಷ ಶಿಕ್ಷಕಿಯ ಸಂಬಳ ನಿಂತರೆ ನಂಬಿ ಬಂದ ಮಕ್ಕಳು ಒಟ್ಟಿಗೆ ಟಂಟಂ ಹತ್ತುತ್ತಾರೆ. ಇಲಾಖೆಯ ಮಂಜೂರಾತಿ ಮತ್ತು ಕನಿಷ್ಠ ಮೂರು ವರ್ಷದ ಸಂಬಳ ಕೈಯಲ್ಲಿಲ್ಲದೆ ತೊಡಗಬಾರದು. ಅಂಗನವಾಡಿಯನ್ನೇ ಶಾಲೆಯ ಆವರಣಕ್ಕೆ ತರಲು ಖಾಲಿ ಕೋಣೆಯೊಂದಿದೆ, ಅದು ಖರ್ಚಿಲ್ಲದ ದಾರಿ. ತಾಯಿ ದಿನಾ ಬಂದು ಬಿಡುವ ಜಾಗವೇ ನಾಳಿನ ಶಾಲೆಯಾದರೆ ಅರ್ಧ ಮಾತು ಆದಂತೆ.

ಗುಳೆಯ ಎಂಟು ಮಕ್ಕಳಿಗೆ ದಾರಿ ಬೇರೆ. ಅಜ್ಜ–ಅಜ್ಜಿ ಊರಲ್ಲಿರುವ ಮಕ್ಕಳು ಮೂವರು. ಆ ಮಕ್ಕಳನ್ನು ಬಿಟ್ಟುಹೋಗುವಂತೆ ಹೇಳಬಹುದು. ಉಳಿದ ಐವರಿಗೆ ಋತುಮಾನ ವಸತಿನಿಲಯದ ಬೇಡಿಕೆ, ಇದಕ್ಕೂ ಹೆಸರುಗಳ ಪಟ್ಟಿ ದಸರೆಗೆ ಮೊದಲೇ ಹೋಗಬೇಕು. ಹೋಗಿಯೇ ಹೋಗುವ ಮಗುವಿಗೆ ಒಂದು ಚೀಟಿ: ಎಸ್‌ಎಟಿಎಸ್ ಸಂಖ್ಯೆ, ಓದುತ್ತಿರುವ ತರಗತಿ, ಮುಖ್ಯಶಿಕ್ಷಕರ ಮೊಬೈಲ್. ಶಾಲೆಯಲ್ಲಿ ಒಂದು ನೋಟ್‌ಬುಕ್: ಯಾವ ಊರಿಗೆ, ಯಾರ ಜತೆ, ಯಾವ ಮುಕಾದಮನ (ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ) ಕೈಕೆಳಗೆ, ಫೋನ್, ಬರುವ ತಿಂಗಳು. ಅಲ್ಲಿಯ ಶಾಲೆ ಸೇರಿಸಿಕೊಂಡು ಆನ್‌ಲೈನ್‌ನಲ್ಲಿ ಕೋರಿಕೆ ಕಳಿಸಿದರೆ ಕೂಡಲೇ ಬಿಟ್ಟುಕೊಡಬೇಕು. ಸಂಖ್ಯೆ ಕಡಿಮೆಯಾಗುತ್ತದೆ ಎಂದು ಹಿಡಿದಿಟ್ಟರೆ ಮಗು ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ ಡ್ರಾಪ್‌ಬಾಕ್ಸಿನಲ್ಲಿ (ಯಾವ ಶಾಲೆಗೂ ಸೇರದ ಮಕ್ಕಳ ಆನ್‌ಲೈನ್ ಪಟ್ಟಿ) ಉಳಿಯುತ್ತದೆ.

ಕಚೇರಿಗೆ ಹೋಗಬೇಕಾದ ಕಾಗದ

ಹೆಚ್ಚುವರಿ ಹುದ್ದೆಯ ಪ್ರಶ್ನೆಗೆ ಈ ಶಾಲೆಗೆ ನಿಯಮದಲ್ಲಿ ರಕ್ಷಣೆಯಿಲ್ಲ. 54ಕ್ಕೆ ಇಬ್ಬರು ಎಂದರೆ ಇಬ್ಬರೇ. ಆದರೆ ವಿಲೀನದ ಮಾತು ಬಂದರೆ ಹೇಳುವುದಿದೆ. ಮುಂದಿನ ಸರ್ಕಾರಿ ಶಾಲೆ ತಾಂಡಾದಿಂದ ಎಷ್ಟು ದೂರ ಎಂದು ಅಳೆದು ಬರೆಯಿರಿ, 1 ಕಿಲೋಮೀಟರ್ ನಿಯಮ ಪಕ್ಕಕ್ಕಿಡಿ, ಓರೆ ಓದುವ ಪಟ್ಟಿ ಲಗತ್ತಿಸಿ, 2026-27ರ 1ನೇ ತರಗತಿ ಐದು ತಿಂಗಳ ಮಕ್ಕಳದು ಎಂದು ಜನ್ಮದಿನಾಂಕ ಸಹಿತ ತೋರಿಸಿ. ಆ ಒಂದು ವರ್ಷದ ಸಂಖ್ಯೆ ನೋಡಿ ಯಾವ ಶಾಲೆಯ ಹಣೆಬರಹವನ್ನೂ ಬರೆಯಬಾರದು. ಆ ತಗ್ಗು 2030-31ರಲ್ಲಿ 5ನೇ ತರಗತಿ ತಲುಪುವವರೆಗೆ ವರ್ಷಕ್ಕೊಂದು ತರಗತಿ ಮುಂದೆ ಸಾಗುತ್ತಿರುತ್ತದೆ, ಪ್ರತಿ ಸಲವೂ "ಈ ತರಗತಿಯಲ್ಲಿ ಮೂರೇ ಮಕ್ಕಳೇ?" ಎಂಬ ಪ್ರಶ್ನೆ ಬರುತ್ತದೆ. ಉತ್ತರದ ಕಾಗದ ಕಪಾಟಿನಲ್ಲಿ ಸಿದ್ಧವಿರಲಿ.

ಇಬ್ಬರು ಶಿಕ್ಷಕರಾದ ಮೇಲೆ ಹಂಚಿಕೆ ಸರಳ: ಒಬ್ಬರಿಗೆ 1ರಿಂದ 3ರ ನಲಿ–ಕಲಿ (ಮೂರೂ ತರಗತಿ ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ), ಇನ್ನೊಬ್ಬರಿಗೆ 4 ಮತ್ತು 5. ತೊಂದರೆಯಾಗುವುದು ಒಬ್ಬರು ತರಬೇತಿಗೋ ಸಮೀಕ್ಷೆಗೋ ಹೋದ ದಿನ. ಅಂಥ ದಿನಗಳನ್ನು ತಿಂಗಳ ಕೊನೆಗೆ ಎಣಿಸಿ ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಸಬೇಕು. ಅತಿಥಿ ಶಿಕ್ಷಕರನ್ನು ಕೇಳುವಾಗ ಆ ಎಣಿಕೆ ಬೇಕಾಗುತ್ತದೆ. 2026-27ರಲ್ಲಿ ಬರುವ ಮೂರು ಮಕ್ಕಳನ್ನು ಪ್ರತ್ಯೇಕ ಮೂಲೆಯಲ್ಲಿ ಕೂರಿಸಬಾರದು. ನಲಿ–ಕಲಿಯ ತಟ್ಟೆಗಳಲ್ಲಿ (ಗುಂಪುಗಳಲ್ಲಿ) 2ನೇ ತರಗತಿಯ ಆರು ಮಕ್ಕಳ ಜತೆ ಒಬ್ಬೊಬ್ಬರಾಗಿ ಕೂತರೆ ಪ್ರತಿ ಮಗುವಿಗೂ ಪಕ್ಕದಲ್ಲಿ ಓದಿ ತೋರಿಸುವ ಇಬ್ಬರು ದೊಡ್ಡವರು ಸಿಗುತ್ತಾರೆ.